ಕೈ ಬೆನ್ನಿನ ಮೇಲೆ, ಮಾತು ಹೃದಯದ ಜೊತೆ

ಎದೆ ಇದ್ದಕ್ಕಿದ್ದಂತೆ ನಿಮಿಷಕ್ಕೆ 180 ಸಲ ಬಡಿದುಕೊಳ್ಳತೊಡಗಿದ ರೋಗಿ ತುರ್ತು ಚಿಕಿತ್ಸಾ ಘಟಕಕ್ಕೆ ಬಂದರೆ, ವೈದ್ಯರು ಸೂಜಿ ಎತ್ತಿಕೊಳ್ಳುವ ಮೊದಲು ಕೆಲವೊಮ್ಮೆ ಕತ್ತಿಗೇ ಕೈಹಾಕುತ್ತಾರೆ. ದವಡೆಯ ಮೂಲೆಯ ಕೆಳಗೆ, ನಾಡಿ ಮಿಡಿಯುವ ಕಡೆ ಬೆರಳಿಟ್ಟು ಕೆಲವೇ ಸೆಕೆಂಡು ಒತ್ತಿ ತಿಕ್ಕುತ್ತಾರೆ. ಕೆರೋಟಿಡ್ ಅಪಧಮನಿ ಅಲ್ಲಿ ಕವಲೊಡೆಯುತ್ತದೆ. ಆ ಕವಲಿನ ಗೋಡೆಯೊಳಗೆ ರಕ್ತದೊತ್ತಡವನ್ನು ಗಮನಿಸುತ್ತಲೇ ಇರುವ ನರತುದಿಗಳಿವೆ. ಬೆರಳಿನ ಒತ್ತಡವನ್ನೂ ಅವು ರಕ್ತದ ಒತ್ತಡವೆಂದೇ ನಂಬುತ್ತವೆ. ಒಂಬತ್ತನೆಯ ಕಪಾಲ ನರ ಈ ಸುದ್ದಿಯನ್ನು ಮಿದುಳಕಾಂಡಕ್ಕೆ ಮುಟ್ಟಿಸುತ್ತದೆ, ಹತ್ತನೆಯದಾದ ವೇಗಸ್ ನರ ಅಲ್ಲಿಂದ ಹೃದಯಕ್ಕೆ ಅಪ್ಪಣೆ ತರುತ್ತದೆ: ನಿಧಾನ. ಎಲ್ಲ ಸರಿಹೋದರೆ ಇಸಿಜಿ ಪರದೆಯ ಗೆರೆ ಒಂದು ಗಳಿಗೆ ಸಪಾಟಾಗಿ, ಮತ್ತೆ ಸಹಜ ಲಯಕ್ಕೆ ಬರುತ್ತದೆ. (ಮನೆಯಲ್ಲಿ ಮಾಡಿ ನೋಡುವ ಪ್ರಯೋಗ ಇದಲ್ಲ. ವಯಸ್ಸಾದವರ ಕೆರೋಟಿಡ್‌ನಲ್ಲಿ ಕೊಬ್ಬು ಕಟ್ಟಿದ್ದರೆ ಅದರ ಚೂರು ಕಳಚಿ ಪಾರ್ಶ್ವವಾಯು ಹೊಡೆದ ಉದಾಹರಣೆಗಳಿವೆ.)

ಇದೇ ಕೆಲಸಕ್ಕೆ ಇನ್ನೂ ಚಂದದ ಉಪಾಯವೊಂದಿದೆ. ರೋಗಿ ಕುಳಿತು ಉಸಿರು ಬಿಗಿಹಿಡಿದು ತಿಣುಕಬೇಕು. ಕೂಡಲೇ ಅವನನ್ನು ಅಂಗಾತ ಮಲಗಿಸಿ ಕಾಲೆತ್ತಿ ಹಿಡಿಯಬೇಕು. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ರಿವರ್ಟ್ ಪ್ರಯೋಗದಲ್ಲಿ ಹೀಗೆ ಮಾಡಿದವರಲ್ಲಿ ಶೇ 43 ಮಂದಿಯ ಬಡಿತ ಸರಿಹೋಯಿತು. ಕಾಲೆತ್ತದೆ ಬರೀ ತಿಣುಕಿದವರಲ್ಲಿ ಸರಿಹೋದದ್ದು ಶೇ 17 ಮಂದಿಗೆ ಮಾತ್ರ.

ಹಾಗಾದರೆ ಹೊರಗಿನಿಂದ ಕೈಯಾಡಿಸಿ, ನಮ್ಮ ಇಚ್ಛೆಗೆ ಬಗ್ಗದ ಒಳಗಿನ ನರವ್ಯೂಹವನ್ನು ಮುಟ್ಟಬಹುದೇ ಎಂಬುದು ಪ್ರಶ್ನೆಯೇ ಅಲ್ಲ. ಮುಟ್ಟಬಹುದು. ಕೆರೋಟಿಡ್ ಉಜ್ಜುವಿಕೆಯಲ್ಲಿ ಯಾವ ಜಾಗ, ಯಾವ ನರ, ಎಷ್ಟು ಹೊತ್ತು, ಏನು ಫಲ ಎಲ್ಲವೂ ಗೊತ್ತಿದೆ. ಆಸ್ಟಿಯೋಪಥಿ ಎಂಬ ಚಿಕಿತ್ಸಾ ಪದ್ಧತಿ ಇದಕ್ಕಿಂತ ಬಹಳ ದೊಡ್ಡ ಮಾತು ಆಡುತ್ತದೆ: ಬೆನ್ನು, ಪಕ್ಕೆಲುಬು, ಕತ್ತಿನ ಬುಡ, ತಲೆಬುರುಡೆಗಳ ಮೇಲೆ ತಿಳಿದ ಕೈ ಕೆಲಸ ಮಾಡಿದರೆ ಸ್ವಾಯತ್ತ ನರವ್ಯೂಹ ಹದಕ್ಕೆ ಬರುತ್ತದೆ, ಅದರಿಂದ ಕಾಯಿಲೆಯೂ ಇಳಿಯುತ್ತದೆ ಎಂದು. ಆ ಮಾತಿನ ಮೊದಲರ್ಧಕ್ಕೆ ಒಂದಷ್ಟು ಆಧಾರ ಸಿಕ್ಕಿದೆ. ಎರಡನೆಯ ಅರ್ಧ ಬಹುಪಾಲು ಸಾಲದಲ್ಲೇ ನಡೆಯುತ್ತಿದೆ.

ಕಥೆ ಶುರುವಾಗುವುದು ಅಮೆರಿಕದ ಕಾನ್ಸಸ್ ಮತ್ತು ಮಿಸೌರಿಯ ಬಯಲುಗಳಲ್ಲಿ. ಆಂಡ್ರ್ಯೂ ಟೇಲರ್ ಸ್ಟಿಲ್ 1828ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದವರು. ತಂದೆ ಮೆಥಡಿಸ್ಟ್ ಪಾದ್ರಿ, ಜೊತೆಗೆ ವೈದ್ಯ. ಮಗನೂ ವೈದ್ಯನಾದ, ಅಂತರ್ಯುದ್ಧದಲ್ಲಿ ಸೇವೆ ಮಾಡಿದ. 1864ರಲ್ಲಿ ಮಿದುಳುಪೊರೆಯ ಉರಿಯೂತ ಮನೆಗೆ ಬಂದು ಮೂವರು ಮಕ್ಕಳನ್ನು ಒಯ್ದಿತು. ಆ ಕಾಲದ ವೈದ್ಯರ ಚೀಲದಲ್ಲಿ ಇದ್ದದ್ದಾದರೂ ಏನು? ಪಾದರಸದ ಕ್ಯಾಲೊಮೆಲ್, ಅಫೀಮು, ಮದ್ಯ. ರೋಗಕ್ಕಿಂತ ಮದ್ದೇ ಮುಂದಾಗಿ ಕೊಲ್ಲುತ್ತಿದ್ದ ದಿನಗಳವು. ಸ್ಟಿಲ್ ಔಷಧಿಗಳ ಮೇಲಿನ ನಂಬಿಕೆ ಕಳೆದುಕೊಂಡದ್ದರಲ್ಲಿ ಅಚ್ಚರಿಯಿಲ್ಲ. ಅವರು ಮೂಳೆಗಳ ಕಡೆ ತಿರುಗಿದರು. ಅಭ್ಯಾಸಕ್ಕೆ ಅಸ್ಥಿಪಂಜರ ಬೇಕಿತ್ತು. ಮೂಲನಿವಾಸಿಗಳ ಸಮಾಧಿಗಳನ್ನು ಅಗೆದು ತೆಗೆದುಕೊಂಡದ್ದನ್ನು ಆತ್ಮಕಥೆಯಲ್ಲಿ ತಾವೇ ಹೇಳಿಕೊಂಡಿದ್ದಾರೆ. ಅವರನ್ನು ಕೊಂಡಾಡುವ ಬರಹಗಳು ಈ ಸಂಗತಿಯನ್ನು ಸಾಮಾನ್ಯವಾಗಿ ದಾಟಿಕೊಂಡು ಹೋಗುತ್ತವೆ.

1874ರ ಜೂನ್ 22ರಂದು ತನಗೆ ಹೊಸ ಶಾಸ್ತ್ರ ಹೊಳೆಯಿತು ಎಂಬುದು ಸ್ಟಿಲ್ ಮಾತು. ರಕ್ತ ತಡೆಯಿಲ್ಲದೆ ಹರಿದರೆ ದೇಹ ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ಬೆನ್ನುಮೂಳೆಯ ಕೀಲು ಬಿಗಿದರೆ ಅಥವಾ ಜಾರಿದರೆ ಅಲ್ಲಿಯ ನರ ಮತ್ತು ರಕ್ತನಾಳಗಳಿಗೆ ಅಡ್ಡಿಯಾಗಿ ಎಲ್ಲೋ ದೂರದ ಅಂಗ ಕೆಡುತ್ತದೆ. ಕೀಲನ್ನು ಸರಿಪಡಿಸಿದರೆ ಅಂಗವೂ ಸುಧಾರಿಸುತ್ತದೆ. ಹೆಚ್ಚುಕಡಿಮೆ ಇಷ್ಟೇ ಸಿದ್ಧಾಂತ. ವಿಶ್ವವಿದ್ಯಾಲಯದವರು ಬಾಗಿಲು ತೆರೆಯಲಿಲ್ಲ. ಊರೂರು ತಿರುಗುತ್ತ, ಮಿಂಚಿನ ವೇಗದ ಮೂಳೆ ಕೂರಿಸುವವನು ಎಂದು ಜಾಹೀರಾತು ಕೊಟ್ಟು ಹೊಟ್ಟೆ ಹೊರೆದರು. ನಮ್ಮಲ್ಲಿ ಉಳುಕು ತೆಗೆಯುವವರು, ಬಟ್ಟಿ ಸರಿದಿದೆ ಎಂದು ಹೊಟ್ಟೆ ನೀವುವವರು ಇಂದಿಗೂ ಇದ್ದಾರಲ್ಲ, ಸ್ಟಿಲ್ ಅವರ ಮೊದಲ ಗಿರಾಕಿಗಳಿಗೆ ಅವರು ಕಂಡದ್ದು ಹೀಗೆಯೇ. ವ್ಯತ್ಯಾಸವೆಂದರೆ ಅವರು ಶಾಲೆ ಕಟ್ಟಿದರು. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ತೆರೆದ ಆ ಶಾಲೆಯ ಮೊದಲ ತಂಡದಲ್ಲೇ ಹೆಂಗಸರೂ ಇದ್ದರು. ಸ್ಟಿಲ್ 1917ರಲ್ಲಿ ತೀರಿಕೊಂಡರು. ಅದೇ ವರ್ಷ ಅವರ ಶಿಷ್ಯ ಜಾನ್ ಮಾರ್ಟಿನ್ ಲಿಟಲ್‌ಜಾನ್ ಲಂಡನ್ನಿನಲ್ಲಿ ಬ್ರಿಟಿಷ್ ಶಾಲೆಯನ್ನು ಸ್ಥಾಪಿಸಿದರು.

ಆಮೇಲೆ ದಾರಿ ಎರಡಾಯಿತು. ಅಮೆರಿಕದಲ್ಲಿ ಆಸ್ಟಿಯೋಪಥಿ ಕಾಲೇಜುಗಳು ನಿಧಾನಕ್ಕೆ ಪೂರ್ಣ ವೈದ್ಯಶಿಕ್ಷಣಕ್ಕೆ ಬಂದವು. ಇಂದು ಅಲ್ಲಿ ಡಿ.ಒ. ಎಂದು ಹೆಸರಿನ ಮುಂದೆ ಬರೆದುಕೊಳ್ಳುವವರು ಔಷಧಿ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಸಂಪೂರ್ಣ ವೈದ್ಯರು. ಹಲವರು ಬೆನ್ನು ಮುಟ್ಟುವುದೇ ಇಲ್ಲ. ಬ್ರಿಟನ್, ಫ್ರಾನ್ಸ್, ಇಟಲಿಗಳಲ್ಲಿ ಆಸ್ಟಿಯೋಪಾತ್ ಎಂದರೆ ಕೈಚಿಕಿತ್ಸಕರು ಮಾತ್ರ. ಬ್ರಿಟನ್ 1993ರಲ್ಲಿ ಅವರಿಗಾಗಿ ಕಾಯ್ದೆಯನ್ನೇ ಮಾಡಿತು. ಅಮೆರಿಕದಲ್ಲಿರುವ ನಮ್ಮವರು ಊರಿಗೆ ಫೋನು ಮಾಡಿ 'ಇಲ್ಲಿ ಆಸ್ಟಿಯೋಪಥಿ ಡಾಕ್ಟರಿಗೆ ತೋರಿಸಿದೆ' ಎಂದರೆ, ಊರಿನವರು ಕತ್ತು ತಿರುಗಿಸುವ ವೈದ್ಯರನ್ನೇ ಕಲ್ಪಿಸಿಕೊಳ್ಳಬೇಕಿಲ್ಲ.

ಸ್ಟಿಲ್ ರಕ್ತನಾಳದ ಬಗ್ಗೆ ಆಡಿದ ಮಾತನ್ನು ಸ್ವಾಯತ್ತ ನರವ್ಯೂಹದ ಭಾಷೆಗೆ ತಂದವರು ನಂತರದವರು. ಆ ನರವ್ಯೂಹಕ್ಕೆ ಕೇಂಬ್ರಿಜ್‌ನ ಜಾನ್ ಲ್ಯಾಂಗ್ಲಿ ಹೆಸರಿಟ್ಟದ್ದೇ 1898ರಲ್ಲಿ. ಅದರ ಎರಡು ಶಾಖೆಗಳನ್ನು, ಅಂದರೆ ಸಿಂಪಥೆಟಿಕ್ ಮತ್ತು ಪ್ಯಾರಾಸಿಂಪಥೆಟಿಕ್ ಶಾಖೆಗಳನ್ನು, ಕಾರಿನ ಆಕ್ಸಿಲರೇಟರ್ ಮತ್ತು ಬ್ರೇಕಿಗೆ ಹೋಲಿಸುವುದು ಪಠ್ಯಪುಸ್ತಕಗಳಿಗೆ ಅಂಟಿದ ಚಟ. ಹೋಲಿಕೆ ಹೆಚ್ಚು ದೂರ ಓಡದು. ಎರಡೂ ಏಕಕಾಲಕ್ಕೆ ಏರಬಹುದು, ಹೃದಯಕ್ಕೆ ಒಂದು ಮಾತು ಹೇಳಿ ಜಠರಕ್ಕೆ ಇನ್ನೊಂದು ಹೇಳಬಹುದು. ಕೈಚಿಕಿತ್ಸಕರಿಗೆ ಮುಖ್ಯವಾದದ್ದು ಅಂಗರಚನೆಯ ಒಂದು ಸಂಗತಿ. ಸಿಂಪಥೆಟಿಕ್ ನರಗಳು ಬೆನ್ನುಹುರಿಯಿಂದ ಹೊರಡುವುದು ಎದೆಯ ಮಟ್ಟದಿಂದ ಸೊಂಟದ ಮೇಲ್ಭಾಗದವರೆಗೆ. ಹೊರಟು ಬೆನ್ನುಮೂಳೆಯ ಇಕ್ಕೆಲಗಳಲ್ಲಿ ಗಂಟುಗಂಟಾದ ಸರಪಣಿಯಾಗಿ, ಪಕ್ಕೆಲುಬುಗಳ ತಲೆಗಳ ಮುಂದೆಯೇ ಹಾದುಹೋಗುತ್ತವೆ. ಅಂಗಾತ ಮಲಗಿದವರ ಬೆನ್ನಡಿಗೆ ಕೈ ತೂರಿಸಿ ಪಕ್ಕೆಲುಬುಗಳನ್ನು ಲಯಬದ್ಧವಾಗಿ ಎತ್ತುವ ವಿಧಾನ ಆಸ್ಟಿಯೋಪಥಿಯಲ್ಲಿ ಹುಟ್ಟಿದ್ದಕ್ಕೆ ಈ ನೆರೆಹೊರೆಯೇ ಕಾರಣ. ವೇಗಸ್ ನರ ತಲೆಬುರುಡೆಯ ಬುಡದ ರಂಧ್ರದಿಂದ ಇಳಿಯುವುದರಿಂದ ಕತ್ತಿನ ಹಿಂಭಾಗಕ್ಕೂ ಇಷ್ಟೇ ಮಹತ್ವ ಬಂತು.

ಪಕ್ಕದಲ್ಲಿರುವುದೇ ಪ್ರಭಾವಕ್ಕೆ ಸಾಕ್ಷಿಯಾಗದು. ಆ ಸಾಕ್ಷಿ ಹುಡುಕಲು ಕೂತವರು ಇರ್ವಿನ್ ಕೋರ್. ಪ್ರಿನ್ಸ್‌ಟನ್‌ನಲ್ಲಿ ಶರೀರಕ್ರಿಯಾಶಾಸ್ತ್ರ ಕಲಿತ ಈ ವಿಜ್ಞಾನಿ 1945ರಲ್ಲಿ ಕರ್ಕ್ಸ್‌ವಿಲ್‌ಗೆ ಬಂದರು. ಅಲ್ಲಿ ಡೆನ್ಸ್ಲೋ ಎಂಬ ಆಸ್ಟಿಯೋಪಾತ್ ಬೆನ್ನಿನ ಕೆಲವು ಮಟ್ಟಗಳಲ್ಲಿ ಸ್ನಾಯುಗಳು ಬಹಳ ಸಣ್ಣ ಒತ್ತಡಕ್ಕೇ ಸಿಡಿದೇಳುವುದನ್ನು ಅಳೆದಿದ್ದರು. ಕೋರ್ ಬೆವರಿನ ಜಾಡು ಹಿಡಿದರು. ಬೆವರುಗ್ರಂಥಿಗಳನ್ನು ಆಳುವುದು ಸಿಂಪಥೆಟಿಕ್ ನರಗಳಾದ್ದರಿಂದ ಚರ್ಮದ ವಿದ್ಯುತ್ ರೋಧ ಅಳೆದರೆ ಆ ನರಗಳ ಚಟುವಟಿಕೆ ತಿಳಿಯುತ್ತದೆ. ಬೆನ್ನಿನ ಇಡೀ ನಕ್ಷೆ ಬರೆದು, ಬಿಗಿದ ಮಟ್ಟಗಳಲ್ಲಿ ಬೆನ್ನುಹುರಿಯ ಆ ತುಂಡು ಸದಾ ಉದ್ರಿಕ್ತವಾಗಿರುತ್ತದೆ, ಅದೇ ತುಂಡಿನಿಂದ ನರ ಪಡೆಯುವ ಅಂಗಕ್ಕೂ ಆ ಉದ್ರೇಕದ ಬಿಸಿ ತಟ್ಟುತ್ತದೆ ಎಂದು ವಾದಿಸಿದರು. ಫೆಸಿಲಿಟೇಟೆಡ್ ಸೆಗ್ಮೆಂಟ್ ಎಂಬ ಈ ಕಲ್ಪನೆ ದಶಕಗಳ ಕಾಲ ಆಸ್ಟಿಯೋಪಥಿ ತರಗತಿಗಳಲ್ಲಿ ಪ್ರಶ್ನೆಯಿಲ್ಲದೆ ಪಾಠವಾಯಿತು. ಕೋರ್ ಅವರ ಮಾಪನಗಳ ಮೇಲೆ ನನಗೆ ಗೌರವವಿದೆ; ಅಳೆಯದೆಯೇ ನಂಬಿಕೊಂಡಿದ್ದ ಒಂದು ಪಂಥಕ್ಕೆ ಅಳೆಯುವುದನ್ನು ಕಲಿಸಿದವರು ಅವರು. ಆದರೆ ಚರ್ಮದ ಬೆವರಿನಿಂದ ಜಠರದ ಹುಣ್ಣಿಗೋ ಹೃದಯದ ಕಾಯಿಲೆಗೋ ಹಾರುವ ಜಿಗಿತ ಅವರ ಅಂಕಿಗಳೊಳಗೆ ಇರಲಿಲ್ಲ. 2000ದ ಹೊತ್ತಿಗೆ ಲಂಡನ್ನಿನ ಆಸ್ಟಿಯೋಪಾತ್ ಐಯಲ್ ಲೆಡರ್‌ಮನ್ ತಮ್ಮವರ ಪತ್ರಿಕೆಯಲ್ಲೇ ಈ ಕಲ್ಪನೆಯನ್ನು ಬಿಡಿಸಿಟ್ಟು ಟೀಕಿಸಿದರು.

ಇನ್ನೂ ಗಟ್ಟಿಯಾದ ಸಾಕ್ಷ್ಯ ಬಂದದ್ದು ಆಸ್ಟಿಯೋಪಥಿಯ ಹೊರಗಿನಿಂದ, ಜಪಾನಿನಿಂದ. ಟೋಕಿಯೊದ ಅಕಿಯೊ ಸಾಟೊ ಅರಿವಳಿಕೆ ಕೊಟ್ಟ ಇಲಿಗಳನ್ನು ಚಿವುಟುತ್ತ ದಶಕಗಳನ್ನೇ ಕಳೆದರು. ಹೊಟ್ಟೆಯ ಚರ್ಮ ಚಿವುಟಿದರೆ ಜಠರದ ಚಲನೆ ತಗ್ಗುತ್ತದೆ. ಈ ಪ್ರತಿಕ್ರಿಯೆ ಬೆನ್ನುಹುರಿಯ ಅದೇ ಮಟ್ಟದಲ್ಲಿ, ಸಿಂಪಥೆಟಿಕ್ ನರದ ಮೂಲಕ ನಡೆಯುತ್ತದೆ. ಪಾದ ಚಿವುಟಿದರೆ ಅದೇ ಜಠರ ಚುರುಕಾಗುತ್ತದೆ. ಇದು ಮಿದುಳಿನವರೆಗೂ ಹೋಗಿ ವೇಗಸ್ ಮೂಲಕ ಮರಳುವ ಸುತ್ತುದಾರಿ. ಪ್ರಜ್ಞೆಯೇ ಇಲ್ಲದ ಇಲಿಗೆ ನಂಬಿಕೆ, ನಿರೀಕ್ಷೆ, ವೈದ್ಯರ ಮೇಲಿನ ಅಭಿಮಾನ ಯಾವುದೂ ಇಲ್ಲ. ಹಾಗಾಗಿ ಚರ್ಮ ಮತ್ತು ಸ್ನಾಯುಗಳಿಂದ ಒಳಗಿನ ಅಂಗಗಳಿಗೆ ನರದಾರಿ ಇದೆ ಎಂಬುದು ನಿರ್ವಿವಾದ. ಬೆಕ್ಕು ಸಾಕಿದವರು ಇದನ್ನು ಪ್ರಯೋಗಾಲಯವಿಲ್ಲದೆ ಕಂಡಿರುತ್ತಾರೆ: ಕಣ್ಣು ಬಿಡದ ಮರಿಯ ಹಿಂಭಾಗವನ್ನು ತಾಯಿ ನೆಕ್ಕಿದರೆ ಮಾತ್ರ ಮರಿ ಮೂತ್ರ ಮಾಡುತ್ತದೆ. ತಾಯಿಯಿಲ್ಲದ ಮರಿಗೆ ಹಾಲಿನಷ್ಟೇ ಮುಖ್ಯ ಒದ್ದೆ ಬಟ್ಟೆಯ ಒರಸುವಿಕೆ.

ಸಾಟೊ ಇಲಿಗಳು ಇನ್ನೊಂದನ್ನೂ ಹೇಳಿದವು. ಪರಿಣಾಮ ಕಂಡದ್ದು ಚಿವುಟುವಾಗ ಮತ್ತು ಅದರ ಬೆನ್ನಿಗೆ. ವಾರಗಟ್ಟಲೆ ಉಳಿಯುವ ಮಾರ್ಪಾಡಿನ ಬಗ್ಗೆ ಈ ಪ್ರಯೋಗಗಳು ತುಟಿಬಿಚ್ಚುವುದಿಲ್ಲ.

ಮನುಷ್ಯರಿಗೆ ಬಂದಾಗ ಸಂಶೋಧಕರ ಕೈಗೆ ಸಿಕ್ಕ ಅಳತೆಗೋಲು ಹೃದಯ ಬಡಿತದ ಏರಿಳಿತ, ಎಚ್‌ಆರ್‌ವಿ. ಆರೋಗ್ಯವಂತ ಹೃದಯ ಗಡಿಯಾರದಂತೆ ಬಡಿಯುವುದಿಲ್ಲ. ನಿಮಿಷಕ್ಕೆ 60 ಎಂದರೆ ಪ್ರತಿ ಬಡಿತದ ನಡುವೆ ಸರಿಯಾಗಿ ಒಂದು ಸೆಕೆಂಡು ಎಂದಲ್ಲ. ಉಸಿರೆಳೆದಾಗ ಅಂತರ ಕುಗ್ಗುತ್ತದೆ, ಬಿಟ್ಟಾಗ ಹಿಗ್ಗುತ್ತದೆ. ಉಸಿರಿನ ತಾಳಕ್ಕೆ ಕುಣಿಯುವ ಈ ವೇಗದ ಏರಿಳಿತ ವೇಗಸ್ ನರದ ಕೈಗುರುತು. ಮಣಿಕಟ್ಟಿನ ಗಡಿಯಾರಗಳು ಬೆಳಿಗ್ಗೆ ಎದ್ದೊಡನೆ ತೋರಿಸುವ ಅಂಕಿಯ ಮೂಲವೂ ಇದೇ. ನಿಧಾನಗತಿಯ ಏರಿಳಿತವನ್ನು ಸಿಂಪಥೆಟಿಕ್ ಎಂದು ಕರೆದು, ಎರಡರ ಅನುಪಾತ ತೆಗೆದು, ಇದೋ ನಿಮ್ಮ ನರಗಳ ಸಮತೋಲನ ಎಂದು ಹೇಳುವ ರೂಢಿ ಬಹಳ ಕಾಲ ನಡೆಯಿತು. ಆ ಅನುಪಾತಕ್ಕೆ ಅಂಥ ಅರ್ಥವಿಲ್ಲವೆಂದು ಶರೀರಶಾಸ್ತ್ರಜ್ಞರು ಹೇಳಿದ್ದರೂ ಅದು ಕೈಚಿಕಿತ್ಸೆಯ ಪ್ರಬಂಧಗಳಲ್ಲಿ ಈಗಲೂ ಅಲ್ಲಲ್ಲಿ ತಲೆಯೆತ್ತುತ್ತದೆ.

ಈ ಅಳತೆಯ ಪ್ರಯೋಗಗಳೆಲ್ಲ ಚಿಕ್ಕವು, ಆದರೆ ತಳ್ಳಿಹಾಕುವಂಥವಲ್ಲ. 2008ರಲ್ಲಿ ಹೆನ್ಲಿ ಮತ್ತು ಸಂಗಡಿಗರು 17 ಆರೋಗ್ಯವಂತರನ್ನು ಓರೆಯಾಗುವ ಮೇಜಿನ ಮೇಲೆ ಮಲಗಿಸಿ, ಮೇಜನ್ನು 50 ಡಿಗ್ರಿ ಎತ್ತಿದರು. ಹಾಗೆ ನಿಲ್ಲಿಸಿದರೆ ರಕ್ತ ಕಾಲಿಗಿಳಿದು ಸಿಂಪಥೆಟಿಕ್ ಮೇಲುಗೈ ಆಗಲೇಬೇಕು. ಆ ಸ್ಥಿತಿಯಲ್ಲೇ ಕತ್ತಿನ ಸ್ನಾಯುಪೊರೆ ಸಡಿಲಿಸುವ ಚಿಕಿತ್ಸೆ ಕೊಟ್ಟಾಗ ತೂಕ ವೇಗಸ್ ಕಡೆಗೆ ವಾಲಿತು. ಸುಮ್ಮನೆ ಮಲಗಿಸಿದ್ದಕ್ಕೇ ಹೀಗಾಯಿತು ಎನ್ನುವ ಆಕ್ಷೇಪಕ್ಕೆ ಇದು ಜಾಣ ಉತ್ತರ. 2013ರಲ್ಲಿ ಗೈಲ್ಸ್ ತಂಡ 19 ಯುವಕ ಯುವತಿಯರ ತಲೆಬುರುಡೆಯ ಬುಡಕ್ಕೆ ಬೆರಳಿಟ್ಟು ಸಡಿಲಿಸಿದಾಗಲೂ ಏರಿಳಿತ ಹೆಚ್ಚಿತು. 2015ರಲ್ಲಿ ಇಟಲಿಯ ರುಫೀನಿ ಮತ್ತಿತರರು 66 ಮಂದಿಯನ್ನು ಮೂರು ಗುಂಪು ಮಾಡಿದರು: ನಿಜ ಚಿಕಿತ್ಸೆ, ತೋರಿಕೆಯ ಚಿಕಿತ್ಸೆ, ಏನೂ ಇಲ್ಲ. ನಿಜ ಚಿಕಿತ್ಸೆಯವರ ವೇಗಸ್ ಅಂಕಿ ಉಳಿದವರಿಗಿಂತ ಮೇಲಿತ್ತು.

ಆದರೂ ಎರಡು ಮುಳ್ಳುಗಳಿವೆ. ಇಲ್ಲೆಲ್ಲ ಪರೀಕ್ಷೆಗೆ ಕೂತವರು ಆರೋಗ್ಯವಂತರು. ಕೆಟ್ಟಿಲ್ಲದ್ದನ್ನು ರಿಪೇರಿ ಮಾಡಿದ ಫಲಿತಾಂಶದಿಂದ ಕೆಟ್ಟದ್ದರ ಬಗ್ಗೆ ಎಷ್ಟು ಹೇಳಬಹುದು? ಇನ್ನೊಂದು, ಉಸಿರು. ಹಿತವಾಗಿ ಮುಟ್ಟಿಸಿಕೊಂಡವರ ಉಸಿರು ತಾನಾಗಿ ನಿಧಾನವಾಗುತ್ತದೆ, ಆಳವಾಗುತ್ತದೆ. ಅಷ್ಟಾದರೆ ಎಚ್‌ಆರ್‌ವಿ ಏರುವುದು ಖಂಡಿತ, ಬೆರಳು ಯಾವ ಕೀಲಿನ ಮೇಲಿದ್ದರೂ.

ಉಸಿರಿನ ಈ ಆಟ ಮೈಸೂರಿಗೆ ಹೊಸತಲ್ಲ. 1935ರಲ್ಲಿ ಫ್ರಾನ್ಸಿನ ಹೃದಯತಜ್ಞೆ ತೆರೇಸ್ ಬ್ರಾಸ್ ಇಸಿಜಿ ಯಂತ್ರ ಹೊತ್ತು ಭಾರತಕ್ಕೆ ಬಂದು, ಹೃದಯವನ್ನೇ ನಿಲ್ಲಿಸಬಲ್ಲರೆಂದು ಹೆಸರಾದ ಯೋಗಿಗಳನ್ನು ಪರೀಕ್ಷಿಸಿದರು. ಮೈಸೂರು ಅರಮನೆಯ ಯೋಗಶಾಲೆಯಲ್ಲಿ ಕಲಿಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರು ಅವರಲ್ಲೊಬ್ಬರು. ಕಾಲು ಶತಮಾನದ ನಂತರ ವೆಂಗರ್, ಬಾಗ್ಚಿ ಮತ್ತು ದೆಹಲಿಯ ಬಿ.ಕೆ. ಆನಂದ್ ಇದನ್ನು ಮತ್ತೆ ಕೆದಕಿದರು; 1961ರಲ್ಲಿ ಅವರು ಪ್ರಕಟಿಸಿದ ವರದಿಯ ಪ್ರಕಾರ ಹೃದಯ ನಿಂತಿರಲಿಲ್ಲ. ಉಸಿರು ಬಿಗಿಹಿಡಿದು ಎದೆಗೂಡಿನ ಒತ್ತಡ ಏರಿಸಿದಾಗ ಹೃದಯಕ್ಕೆ ಮರಳುವ ರಕ್ತ ತಗ್ಗಿ ನಾಡಿ ಸಿಗದಾಗುತ್ತಿತ್ತು, ಬಡಿತದ ಸದ್ದು ಕೇಳದಾಗುತ್ತಿತ್ತು. ಇಸಿಜಿಯಲ್ಲಿ ಮಾತ್ರ ಬಡಿತ ಮುಂದುವರಿದೇ ಇತ್ತು. ಯೋಗಿಗಳಿಗಾಗಲಿ ಆಸ್ಟಿಯೋಪಾತರಿಗಾಗಲಿ ಇದರಿಂದ ಅವಮಾನವಿಲ್ಲ. ಸ್ವಾಯತ್ತ ನರವ್ಯೂಹಕ್ಕೆ ಪಕ್ಕದ ಬಾಗಿಲುಗಳು ಹಲವಿವೆ. ಯಾರು ಯಾವ ಬಾಗಿಲಿನಿಂದ ಹೋದರು ಎಂದು ಬೇರ್ಪಡಿಸಿ ತೋರಿಸುವುದು ಪ್ರಯೋಗ ಮಾಡಿದವರ ಹೊಣೆ.

ಆ ಬಾಗಿಲುಗಳಲ್ಲಿ ಒಂದು ಬರೀ ಸ್ಪರ್ಶ. ಸ್ವೀಡನ್ನಿನ ಓಕೆ ವಾಲ್ಬೊ, ಹೋಕನ್ ಓಲೌಸನ್ ಮೊದಲಾದವರು ಕೂದಲಿರುವ ಚರ್ಮದಲ್ಲಿ ಸಿ-ಟ್ಯಾಕ್ಟೈಲ್ ಎಂಬ ಸಣ್ಣ ನರತಂತುಗಳನ್ನು ಗುರುತಿಸಿದರು. ಚುಚ್ಚಿದರೆ, ಜೋರಾಗಿ ಉಜ್ಜಿದರೆ ಅವಕ್ಕೆ ಅಷ್ಟು ಉತ್ಸಾಹವಿಲ್ಲ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಹಗುರವಾಗಿ ಸವರಿದಾಗ ಅತಿ ಹೆಚ್ಚು ಮಿಡಿಯುತ್ತವೆ. ಮಗುವಿನ ಬೆನ್ನು ಸವರುವ ಅಮ್ಮನ ಕೈಯ ವೇಗ ಇದೇ. ಈ ಸುದ್ದಿ ಹೋಗುವುದು ಮಿದುಳಿನ ಇನ್ಸುಲಾ ಭಾಗಕ್ಕೆ. ದೇಹದ ಒಳಗಿನ ಸ್ಥಿತಿಗತಿಯ ಅರಿವು ರೂಪುಗೊಳ್ಳುವ ಜಾಗವೂ ಅದೇ. ಇಲ್ಲಿಂದ ಒಂದು ಫಜೀತಿ ಹುಟ್ಟುತ್ತದೆ. ಮಾತ್ರೆಯ ಪ್ರಯೋಗದಲ್ಲಿ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬಹುದು. ಕೈಚಿಕಿತ್ಸೆಗೆ ಸಕ್ಕರೆ ಗುಳಿಗೆ ಯಾವುದು? ತೋರಿಕೆಗೆ ಹಗುರವಾಗಿ ಕೈಯಿಟ್ಟರೂ ಅದು ಸ್ಪರ್ಶವೇ, ಅದಕ್ಕೂ ಪರಿಣಾಮವಿದೆ. ಇಟಲಿಯ ಫ್ರಾನ್ಚೆಸ್ಕೊ ಚೆರಿಟೆಲ್ಲಿ ತಂಡ 2017ರಲ್ಲಿ 40 ಮಂದಿಯ ಮೇಲೆ ಮಾಡಿದ ಅಧ್ಯಯನ ನನಗೆ ಈ ಇಡೀ ಕ್ಷೇತ್ರದಲ್ಲೇ ಅತ್ಯಂತ ಕುತೂಹಲದ್ದು. ಎರಡೂ ಗುಂಪಿಗೆ ಒಂದೇ ಬಗೆಯ ನಿಶ್ಚಲ ಸ್ಪರ್ಶ. ಒಂದರಲ್ಲಿ ಮುಟ್ಟುವವರ ಗಮನ ತಮ್ಮ ಕೈಯಡಿಯ ಅನುಭವದ ಮೇಲೆ, ಇನ್ನೊಂದರಲ್ಲಿ ಕಿವಿಗೆ ಬೀಳುವ ಶಬ್ದದ ಮೇಲೆ. ಹೊತ್ತು ಕಳೆದಂತೆ ಮುಟ್ಟಿಸಿಕೊಂಡವರ ಮಿದುಳಿನ ಸಂಪರ್ಕಗಳಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಿಸಿತು. ಫಲಿತಾಂಶ ನಿಲ್ಲುವುದೇ ಆದರೆ, ಕೆಲಸ ಮಾಡುತ್ತಿರುವುದು ಕೀಲಿನ ಶಾಸ್ತ್ರಕ್ಕಿಂತ ಕೈಯ ಗಮನ ಎಂದಾಗುತ್ತದೆ. ಆಸ್ಟಿಯೋಪಾತರಿಗೆ ಇದು ಖುಷಿಯ ಸುದ್ದಿಯೋ ಅಲ್ಲವೋ, ಅವರೇ ಹೇಳಬೇಕು.

ಅಂಕಿ ಏರಿದ್ದು ಸರಿ, ರೋಗಿಗೆ ಏನಾಯಿತು? 1918ರ ಇನ್‌ಫ್ಲುಯೆಂಜಾದಲ್ಲಿ ತಮ್ಮ ರೋಗಿಗಳು ಬಹಳ ಕಡಿಮೆ ಸತ್ತರೆಂದು ಅಮೆರಿಕದ ಆಸ್ಟಿಯೋಪಾತರು ತಾವೇ ಒಟ್ಟುಮಾಡಿದ ವರದಿಗಳ ಬಲದಿಂದ ಹೇಳಿಕೊಂಡರು. ಹೋಲಿಕೆಗೆ ಗುಂಪೇ ಇಲ್ಲದ ಆ ಲೆಕ್ಕವನ್ನು ನಂಬಲಾಗದು. ಅದರ ಪ್ರಾಮಾಣಿಕ ಪರೀಕ್ಷೆ ನಡೆದದ್ದು ಬಹಳ ತಡವಾಗಿ. 2010ರಲ್ಲಿ ಪ್ರಕಟವಾದ ಮಾಪ್ಸ್ ಪ್ರಯೋಗದಲ್ಲಿ ನ್ಯುಮೋನಿಯಾಕ್ಕೆ ಆಸ್ಪತ್ರೆ ಸೇರಿದ 406 ಮಂದಿ ಇದ್ದರು. ಎಲ್ಲರಿಗೂ ಆಂಟಿಬಯಾಟಿಕ್ ಇತ್ತು. ಜೊತೆಗೆ ಕೆಲವರಿಗೆ ಪಕ್ಕೆಲುಬು ಎತ್ತುವುದೂ ಸೇರಿದಂತೆ ಕೈಚಿಕಿತ್ಸೆ, ಕೆಲವರಿಗೆ ಹಗುರ ಸ್ಪರ್ಶ, ಉಳಿದವರಿಗೆ ಔಷಧಿ ಮಾತ್ರ. ಸೇರಿಸಿಕೊಂಡ ಎಲ್ಲರನ್ನೂ ಲೆಕ್ಕಹಾಕಿದಾಗ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವಿರಲಿಲ್ಲ. ಚಿಕಿತ್ಸೆಯನ್ನು ಪೂರ್ತಿ ಪಡೆದವರನ್ನು ಮಾತ್ರ ಹೆಕ್ಕಿ ನೋಡಿದಾಗ ಕೈಚಿಕಿತ್ಸೆಯವರು ಬೇಗ ಮನೆಗೆ ಹೋಗಿದ್ದರು, ಆದರೆ ಹಗುರ ಸ್ಪರ್ಶದವರಿಗಿಂತ ಅಲ್ಲ, ಬರೀ ಔಷಧಿಯವರಿಗಿಂತ. 2021ರಲ್ಲಿ ಫ್ರಾನ್ಸಿನಲ್ಲಿ 400 ಸೊಂಟನೋವಿನ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲೂ ಚಿಕಿತ್ಸೆ ತೋರಿಕೆಗಿಂತ ಕೊಂಚ ಮುಂದಿತ್ತು. ಆ ಕೊಂಚ ರೋಗಿಯ ದಿನಚರಿಯಲ್ಲಿ ಗೊತ್ತಾಗುವಷ್ಟೇ ಎಂಬ ಅನುಮಾನವನ್ನು ಸಂಶೋಧಕರೇ ವ್ಯಕ್ತಪಡಿಸಿದರು.

ಒಳ್ಳೆಯ ಸುದ್ದಿ ಬಂದದ್ದು ಅವಧಿಗೆ ಮುಂಚೆ ಹುಟ್ಟಿದ ಶಿಶುಗಳ ವಾರ್ಡಿನಿಂದ. ಚೆರಿಟೆಲ್ಲಿ ತಂಡ ಇಟಲಿಯ ಹಲವು ಆಸ್ಪತ್ರೆಗಳಲ್ಲಿ 695 ಶಿಶುಗಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆಸ್ಟಿಯೋಪಥಿ ಪಡೆದ ಮಕ್ಕಳು ಸರಾಸರಿ ನಾಲ್ಕು ದಿನ ಮೊದಲೇ ಮನೆಗೆ ಹೋದವು. ಇದೇ ಬಗೆಯ ಫಲವನ್ನು ಟಿಫನಿ ಫೀಲ್ಡ್ 1986ರಲ್ಲೇ ಬರೀ ಮಾಲೀಶಿನಿಂದ ತೋರಿಸಿದ್ದರು. ದಿನಕ್ಕೆ ಮೂರು ಸಲ, 15 ನಿಮಿಷ, 10 ದಿನ. ಮಾಲೀಶಾದ ಶಿಶುಗಳು ಶೇ 47ರಷ್ಟು ಹೆಚ್ಚು ತೂಕ ಗಳಿಸಿ ಆರು ದಿನ ಮೊದಲು ಬಿಡುಗಡೆಯಾದವು. ಮಧ್ಯಮ ಒತ್ತಡದ ಮಾಲೀಶಿನಲ್ಲಿ ವೇಗಸ್ ಚಟುವಟಿಕೆ ಏರಿ ಜಠರ ಚುರುಕಾಗುತ್ತದೆ ಎಂದು ಅವರ ತಂಡ ಆಮೇಲೆ ಅಳೆದು ಹೇಳಿತು. ಇನ್ನೂ ಮುಂದೆ ಹೋದರೆ ಚಿಕಿತ್ಸಕರೇ ಬೇಡ. ಭಾರತ ಮತ್ತು ಆಫ್ರಿಕಾದ ನಾಲ್ಕು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹುಟ್ಟಿದ ತಕ್ಷಣ ಕಡಿಮೆ ತೂಕದ ಶಿಶುವನ್ನು ತಾಯಿಯ ಬರಿ ಎದೆಗೆ ಅಂಟಿಸಿಟ್ಟ ಗುಂಪಿನಲ್ಲಿ 28 ದಿನದೊಳಗಿನ ಸಾವು ಶೇ 12.0 ಇತ್ತು, ಮೊದಲು ಸ್ಥಿತಿ ಸುಧಾರಿಸಲೆಂದು ಕಾದು ಆಮೇಲೆ ಅಂಟಿಸಿದ ಗುಂಪಿನಲ್ಲಿ ಶೇ 15.7. ಕಾಂಗರೂ ಆರೈಕೆ ಎನ್ನುವ ಈ ಪದ್ಧತಿಯನ್ನು ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆ ಮತ್ತು ಮನೆಗಳಿಗೆ ಒಯ್ಯುವ ಕೆಲಸದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ತೊಡಗಿಕೊಂಡಿತ್ತು. ತಲೆಬುರುಡೆಯ ಮೂಳೆಗಳ ಲಯ ಹಿಡಿಯಬಲ್ಲೆವೆಂಬ ಪರಿಣತರಿಗಿಂತ ಕೊಪ್ಪಳದ ಬಾಣಂತಿಯ ಕಡೆಗೆ ಸಾಕ್ಷ್ಯದ ತೂಕ ಹೆಚ್ಚು. ಅಂದಹಾಗೆ, ವಿಲಿಯಂ ಸದರ್ಲೆಂಡ್ 1939ರಲ್ಲಿ ಬರೆದು ಹರಡಿದ ಆ ತಲೆಬುರುಡೆ ಲಯವನ್ನು ಒಬ್ಬರೇ ರೋಗಿಯ ಮೇಲೆ ಇಬ್ಬರು ಪರಿಣತರು ಅಳೆದಾಗ ಎಣಿಕೆಗಳೇ ತಾಳೆಯಾಗುವುದಿಲ್ಲ.

ಭಾರತದಲ್ಲಿ ಆಸ್ಟಿಯೋಪಥಿ ಆಯುಷ್ ಪಟ್ಟಿಯಲ್ಲಿಲ್ಲ. ಒಡಿಶಾದ ಕಟಕ್ ಬಳಿಯ ಶ್ರೀ ಶ್ರೀ ವಿಶ್ವವಿದ್ಯಾಲಯ ಇದನ್ನು ಪದವಿಯಾಗಿ ಕಲಿಸುತ್ತದೆ. ಫಿಸಿಯೋಥೆರಪಿ ಓದಿದ ಕೆಲವರು ಹೊರದೇಶದ ತರಬೇತಿ ಪಡೆದು ಬರುತ್ತಾರೆ. ಅವರಾಚೆ, ವೇಗಸ್ ನರವನ್ನು ರೀಸೆಟ್ ಮಾಡುತ್ತೇವೆ ಎಂದು ಇನ್‌ಸ್ಟಾಗ್ರಾಂನಲ್ಲಿ ಕತ್ತು ಲಟಕ್ಕೆನಿಸುವವರ ದಂಡೇ ಇದೆ. ವೇಗಸ್‌ನ ಸುಮಾರು ಶೇ 80ರಷ್ಟು ತಂತುಗಳು ಸುದ್ದಿಯನ್ನು ದೇಹದಿಂದ ಮಿದುಳಿಗೆ ಒಯ್ಯುವಂಥವು. ಅದು ರೀಸೆಟ್ ಮಾಡುವ ಸ್ವಿಚ್ಚಲ್ಲ. ಕತ್ತನ್ನು ಜೋರಾಗಿ ತಿರುಚಿದಾಗ ಮಿದುಳಿಗೆ ರಕ್ತ ಒಯ್ಯುವ ಅಪಧಮನಿಯ ಒಳಪದರ ಸೀಳಿ ಪಾರ್ಶ್ವವಾಯುವಾಗುವುದು ಅಪರೂಪ, ಆದರೆ ದಾಖಲಾದ ಅಪಾಯ; ಕ್ಷೌರದಂಗಡಿಯ ಉಚಿತ ನೆಟಿಗೆಗೂ ಈ ಮಾತು ಅನ್ವಯಿಸುತ್ತದೆ. ಸೊಂಟ, ಕತ್ತಿನ ಬಿಗಿತಕ್ಕೆ ತರಬೇತಾದವರ ಹಗುರ ಕೈಯಿಂದ ಆರಾಮ ಸಿಕ್ಕಿ, ಆ ರಾತ್ರಿ ನಿದ್ದೆ ಚೆನ್ನಾಗಿ ಬಂದರೆ ಅದನ್ನು ಹಾಗೆಯೇ ಪಡೆದುಕೊಳ್ಳಬಹುದು. ಬಿ.ಪಿ. ಮಾತ್ರೆ, ಅಸ್ತಮಾದ ಇನ್‌ಹೇಲರ್ ಬಿಡಿ, ಬೆನ್ನುಮೂಳೆಯಿಂದಲೇ ಸರಿಮಾಡುತ್ತೇವೆ ಎನ್ನುವವರ ಮೇಜಿನಿಂದ ಮಾತ್ರ ಎದ್ದು ಬರಬೇಕು.